ಬೆಳಕು ಬರ್ತಾನೇ ಇರುತ್ತೆ

ಆ ಗುರುವಾರ ಚುಕ್ಕಿ ಮೇಷ್ಟ್ರ ಮಾನ ಹೋದದ್ದಕ್ಕೆ ಮೂಲ ಕಾರಣ ಅವರ ಮನೆಯ ಬಚ್ಚಲು.

ತಾರಾಲಯದ ಗುಮ್ಮಟದ ಕೆಳಗೆ ಕತ್ತಲಲ್ಲಿ ನಿಂತು ಜನರಿಗೆ ನಕ್ಷತ್ರ ತೋರಿಸಿ ವಿವರಿಸುವುದು ಮೇಷ್ಟ್ರ ಕೆಲಸ. ಹನ್ನೆರಡು ವರ್ಷದಿಂದ ಅದೇ. ಹೊಸದಾಗಿ ಬಂದ ನಿರ್ದೇಶಕರು ಮಾತ್ರ, "ಇದಕ್ಕೆ ಮನುಷ್ಯ ಯಾಕ್ರೀ? ಟೇಪ್ ಹಾಕಿದ್ರೆ ಸಾಲ್ದಾ? ಗುರುವಾರ ಮೂರು ಗಂಟೆ ಶೋಗೆ ನಾನೇ ಬರ್ತೀನಿ, ಆಮೇಲೆ ನೋಡೋಣ" ಎಂದುಬಿಟ್ಟಿದ್ದರು. ಕೆಲಸ ಉಳಿಯಬೇಕಾದರೆ ಆ ಒಂದು ಶೋ ಗೆಲ್ಲಲೇಬೇಕು. ಅದಕ್ಕೇ ಮೇಷ್ಟ್ರು ಬೆಳಗಾಗುತ್ತಲೇ ಬಚ್ಚಲು ಸೇರಿ, ಅಲ್ಲಿ ದನಿ ಚೆನ್ನಾಗಿ ಗುಂಯ್‌ಗುಡುತ್ತದೆಂಬ ಆಸೆಗೆ ಬಿದ್ದು, ಇಡೀ ಬ್ರಹ್ಮಾಂಡವನ್ನು ಮೂರು ಸಲ ಕೂಗಿ ವಿವರಿಸಿದರು. ನಾಲ್ಕನೇ ಸಲಕ್ಕೆ ಗಂಟಲು ಕೈಕೊಟ್ಟಿತು.

ಹೊರಗೆ ಬಂದರೆ ಅತ್ತೆ ನಿಂತಿದ್ದಾರೆ. "ಅಳಿಯಂದ್ರೇ, ನಿಮ್ಮ ಶೋ ನಾನು ಒಂದ್ಸಲಾನೂ ನೋಡಿಲ್ಲ. ಇವತ್ತು ಬರ್ಲಾ?"

ಬೇಡ ಎನ್ನಲು ಮೇಷ್ಟ್ರು ಬಾಯಿ ತೆರೆದರು. ಬರೀ ಗಾಳಿ ಬಂತು. ಅತ್ತೆ ಖುಷಿಯಾಗಿ ಚಪ್ಪಲಿ ಹುಡುಕಲು ಹೋದರು.

ತಾರಾಲಯದಲ್ಲಿ ಟಿಕೆಟ್ ಕೊಡುವಾಕೆ, "ಅಣ್ಣಾ, ಉಪ್ಪುನೀರಲ್ಲಿ ಗಂಟಲು ತೊಳೀರಿ" ಎಂದಳು. "ಅದೆಲ್ಲ ಬೇಡ, ಸುಮ್ನೆ ಮಾತಾಡ್ದೆ ಇರಿ" ಎಂದ ಕಾವಲುಗಾರ. "ಆಡೋಕಾದ್ರೆ ತಾನೇ?" ಎಂದು ಅವನಿಗೆ ಅವಳೇ ಉತ್ತರ ಕೊಟ್ಟಳು. ಎರಡೂವರೆಯ ಹೊತ್ತಿಗೆ ಇದ್ದಬದ್ದ ಪಿಸುದನಿಯೂ ಉಪ್ಪುನೀರಿನ ಜೊತೆ ಮೋರಿ ಸೇರಿತು.

ಕೊನೆಗೆ ಗುಮ್ಮಟದಲ್ಲಿ ನಕ್ಷತ್ರ ಮೂಡಿಸುವ ಯಂತ್ರ ನಡೆಸುವವನು ಹತ್ತಿರ ಬಂದ. "ಗುರುವೇ, ಒಂಬತ್ತು ವರ್ಷದ ಹಿಂದೆ ನಿಮ್ಮ ಮಾತು ರೆಕಾರ್ಡ್ ಮಾಡಿಟ್ಟಿದ್ದೆ. ಅದನ್ನೇ ಹಾಕ್ತೀನಿ, ನೀವು ಬಾಯಿ ಆಡಿಸಿ. ಕತ್ತಲಲ್ಲಿ ಯಾರಿಗೆ ಗೊತ್ತಾಗುತ್ತೆ?"

ಮೇಷ್ಟ್ರ ಮುಖ ಕಿವಿಯವರೆಗೂ ಕೆಂಪಾಯಿತು. ಛೇ, ಈ ವಯಸ್ಸಿನಲ್ಲಿ ಇಂಥ ಕಳ್ಳಾಟವೇ? ಆದರೂ ತಲೆಯಾಡಿಸಿದರು.

ಮೊದಲ ಸಾಲಿನಲ್ಲಿ ನಿರ್ದೇಶಕರು, ಪಕ್ಕದಲ್ಲೇ ಅತ್ತೆ. ದೀಪ ಆರಿತು. ಮೇಷ್ಟ್ರ ಮೇಜಿನ ಮೇಲೆ ಒಂದು ಪುಟ್ಟ ಬಲ್ಬು ಮಾತ್ರ ಉಳಿಯಿತು.

"ನೀವು ನೋಡ್ತಿರೋದು ಇವತ್ತಿನ ನಕ್ಷತ್ರ ಅಲ್ಲ" ಎಂದಿತು ಒಂಬತ್ತು ವರ್ಷದ ಹಿಂದಿನ ದನಿ. "ಈ ಬೆಳಕು ಅಲ್ಲಿಂದ ಹೊರಟು ನೂರಾರು ವರ್ಷ ಆಗಿದೆ. ದೂರ ನೋಡೋದು ಅಂದ್ರೆ ಹಿಂದಿನ ಕಾಲ ನೋಡೋದು. ನಕ್ಷತ್ರವೇ ಸತ್ತುಹೋಗಿದ್ರೂ, ಹೊರಟ ಬೆಳಕು ಬರ್ತಾನೇ ಇರುತ್ತೆ."

ಆಹಾ, ಎಂಥ ದನಿ! ಮೇಷ್ಟ್ರು ತಮ್ಮ ಮಾತಿಗೆ ತಾವೇ ಮರುಳಾಗಿ ತುಟಿ ಆಡಿಸುವುದನ್ನೇ ಮರೆತರು. ಗಂಟಲು ಕೆರೆಯಿತು. ಅಭ್ಯಾಸಬಲ, ಲೋಟ ಎತ್ತಿ ನೀರು ಕುಡಿದರು.

"ಅಯ್ಯೋ, ನೋಡಿ ಸಾರ್!" ಅತ್ತೆಯ ಹೆಮ್ಮೆ ಗುಮ್ಮಟಕ್ಕೆಲ್ಲ ಕೇಳಿಸಿತು. "ನಮ್ಮ ಅಳಿಯಂದ್ರು ನೀರು ಕುಡೀತಾನೇ ಎಷ್ಟು ಸ್ಪಷ್ಟವಾಗಿ ಮಾತಾಡ್ತಾರೆ!"

ಇನ್ನೂರು ತಲೆಗಳು ಆಕಾಶ ಬಿಟ್ಟು ಮೇಷ್ಟ್ರ ಕಡೆ ತಿರುಗಿದವು. ಅವರಿಗೆ ನೀರು ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದರೂ ಅವರ ದನಿ ಮಾತ್ರ ಏನೂ ಆಗದಂತೆ, "ಈಗ ಎಲ್ಲರೂ ಉತ್ತರಕ್ಕೆ ನೋಡಿ" ಎಂದಿತು. ಜನ ಹೊಟ್ಟೆ ಹಿಡಿದು ನಕ್ಕರು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ಮೇಷ್ಟ್ರಿಗೆ.

ಶೋ ಮುಗಿದ ಮೇಲೆ ಚೀಟಿ ಬರೆದು ನಿರ್ದೇಶಕರ ಕೈಗಿಟ್ಟರು: "ಗಂಟಲು ಹೋಗಿದೆ. ಅದು ಹಳೇ ಟೇಪು. ನಾಚಿಕೆಯಾಗುತ್ತಿದೆ, ಕ್ಷಮಿಸಿ."

ನಿರ್ದೇಶಕರು ಬೈಯಲಿಲ್ಲ. ಬೆನ್ನು ತಟ್ಟಿದರು. "ನಾಚಿಕೆ ಯಾಕೆ ಮೇಷ್ಟ್ರೇ? ನೀವು ನೀರು ಕುಡಿಯೋವರೆಗೂ, ಇಂಥ ಮಾತುಗಾರರ ಮುಂದೆ ಟೇಪ್ ಯಾವ ಲೆಕ್ಕ, ಅದರ ಮಾತೇ ಬೇಡ ಅಂದ್ಕೊಂಡಿದ್ದೆ. ಟೇಪೇ ಸಾಕು ಅಂತ ನೀವೇ ತೋರಿಸಿಕೊಟ್ರಿ! ಐದು ಗಂಟೆಗೂ ಅದನ್ನೇ ಹಾಕಲಿ. ನೀವು ಬಾಗಿಲಲ್ಲಿ ಟಿಕೆಟ್ ನೋಡ್ಕೊಳ್ಳಿ."

ಐದು ಗಂಟೆಗೆ ಬಾಗಿಲಲ್ಲಿ ನಿಂತು "ಟಿಕೆಟ್ ತೋರಿಸಿ" ಎಂದರೆ, ಹಾಳಾದ ದನಿ ಗಂಟೆ ಹೊಡೆದಂತೆ ಬಂತು!

ಆ ಶೋ ನೋಡಿ ಹೊರಬಂದ ಹಿರಿಯರೊಬ್ಬರು ಬಾಗಿಲಲ್ಲಿ ನಿಂತರು. "ಒಳಗೆ ಮಾತಾಡಿದೋರು ಯಾರಪ್ಪಾ? ಒಂದ್ಸಲ ಕೈ ಮುಗೀಬೇಕಿತ್ತು."

ಮೇಷ್ಟ್ರು ತಲೆ ತಗ್ಗಿಸಿದರು. "ಅವರು ಹೋಗ್ಬಿಟ್ರು ಸಾರ್."

"ಅಯ್ಯೋ ಪಾಪ! ಯಾವಾಗ?"

"ಇವತ್ತೇ. ಮೂರು ಗಂಟೆ ಶೋನಲ್ಲಿ."