ಮೆತ್ತನೆಯ ಲಾರಿ

ಹೆಣ್ಣಿಗೆ ಗಂಡು ಹುಡುಕುವ ಕಷ್ಟವನ್ನು ಎಲ್ಲರೂ ಹೇಳಿಕೊಳ್ಳುತ್ತಾರೆ. ಲಾರಿಗೆ ಮಿಸ್ತ್ರಿ ಹುಡುಕುವ ಕಷ್ಟವನ್ನು ಯಾರೂ ಬರೆದಂತಿಲ್ಲ. ಗಂಡಿನ ಕಡೆಯವರಿಗೆ ಹುಡುಗಿ ಒಪ್ಪಿಗೆಯಾಗದಿದ್ದರೆ ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಮರ್ಯಾದೆಯಿಂದ ಎದ್ದು ಹೋಗುತ್ತಾರೆ. ಮಿಸ್ತ್ರಿ ಹಾಗಲ್ಲ. ಯಾವುದೋ ಲಾರಿಯ ಹೊಟ್ಟೆಯ ಕೆಳಗೆ ಮಲಗಿಕೊಂಡೇ, ನಮಗೆ ಎರಡು ಕಾಲು ಮಾತ್ರ ತೋರಿಸುತ್ತ, "ಆಗಲ್ಲ, ಹೋಗ್ರಿ" ಅನ್ನುತ್ತಾನೆ. ಕಾಲುಗಳ ಜೊತೆ ವಾದ ಮಾಡಿ ಗೆದ್ದವರುಂಟೇ? ನಮ್ಮ ಮನೆಯವರು ಹೆಚ್ಚುಕಡಿಮೆ ಒಂದು ವರ್ಷ ದಾವಣಗೆರೆಯ ಮಿಸ್ತ್ರಿಗಳ ಕಾಲುಗಳ ಜೊತೆ ಮಾತಾಡಿದರು. ಮನೆಗೆ ಬಂದ ಮೇಲೆ ನನ್ನ ಮುಖ ನೋಡಿ ಮಾತಾಡುವುದು ಅವರಿಗೆ ಕಷ್ಟವೇ ಆಗುತ್ತಿತ್ತು. ಅದಕ್ಕೆ ಬೇರೆ ಕಾರಣವಿತ್ತು, ಹೇಳುತ್ತೇನೆ.

ನಮ್ಮದೊಂದು ಲಾರಿ. ಹತ್ತಿಯ ಅಂಡಿಗೆ, ಶೇಂಗಾ ಚೀಲ, ಸುಗ್ಗಿಯಲ್ಲಿ ಜೋಳ, ಯಾವುದು ಸಿಕ್ಕರೆ ಅದನ್ನು ಹೇರಿಕೊಂಡು ದಾವಣಗೆರೆ, ಹರಿಹರ ಎಂದು ಓಡಾಡುವ ಬಡಪಾಯಿ. ಇವರೇ ಮಾಲೀಕರು, ಇವರೇ ಡ್ರೈವರ್. ಹೊಸದಾಗಿ ಲಾರಿ ಬಂದ ವರ್ಷವೇ ನನಗೆ ಏಳು ತಿಂಗಳು ತುಂಬಿತ್ತು. ಸೀಮಂತ ಮುಗಿಯಿತು, ಚೊಚ್ಚಲ ಬಾಣಂತನಕ್ಕೆ ತವರಿಗೆ ಕಳಿಸಬೇಕು. ನನ್ನ ತವರು ಹರಿಹರದ ಆಚೆ ಕಡರನಾಯಕನಹಳ್ಳಿ. ಬಸ್ಸಿಗೆ ಹೋಗುತ್ತೇನೆ ಎಂದೆ. "ಬಸ್ಸಿನಾಗ ಯಾಕ ನೂಕಿಸ್ಕೊಂತಿ? ಮನಿ ಲಾರಿ ಐತೆ. ರಾಣಿ ಕೂತಂಗೆ ಕೂತ್ಕಂಡು ಬಾ" ಎಂದರು. ಅವರ ಸಂಭ್ರಮ ನೋಡಿ ನನಗೂ ಸಂಭ್ರಮವಾಯಿತು. ಕುಪ್ಪಸದ ಕಣ, ಬಳೆ, ಹೂವು, ಮಡಿಲು ತುಂಬ ಕೊಬ್ಬರಿ ಇಟ್ಟುಕೊಂಡು ಹತ್ತಿ ಕೂತೆ. ಹಿಂದೆ ಲೋಡಿಲ್ಲ. ಲೋಡಿಲ್ಲದ ಲಾರಿ ಹಬ್ಬದ ಹೋರಿಯ ಹಾಗೆ ಕುಣಿಯುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಹರಿಹರ ದಾಟಿದ ಮೇಲೆ ದಾರಿಯೂ ಗಾಡಿಯ ಜಾಡು. ನಾವಿಬ್ಬರೂ ಪ್ರತಿ ಕುಣಿತಕ್ಕೂ ನಗುತ್ತಲೇ ಹೋದೆವು.

ಮಾರನೆಯ ದಿನ ನೋವು ಬಂತು. ಗಂಡು ಮಗು. ಅಳಲಿಲ್ಲ.

ಹರಿಹರದಿಂದ ಕರೆಸಿದ ಡಾಕ್ಟರು ಒಳ್ಳೆಯವರು. ಜಗಲಿಯ ಮೇಲೆ ಇವರನ್ನು ಕೂರಿಸಿಕೊಂಡು, ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು, ಇದಕ್ಕೂ ಲಾರಿಗೂ ಸಂಬಂಧವಿಲ್ಲ, ಪಲ್ಲಕ್ಕಿಯಲ್ಲಿ ಬಂದಿದ್ದರೂ ಹೀಗೇ ಆಗುತ್ತಿತ್ತು ಎಂದು ಬಿಡಿಸಿ ಹೇಳಿದರು. ಇವರು ಎಲ್ಲಕ್ಕೂ ತಲೆಯಾಡಿಸಿದರು. ಕೊನೆಗೆ, "ಆದ್ರೂ ಡಾಕ್ಟ್ರೇ, ಲಾರಿ ಎತ್ತಾಕಿದ್ದಕ್ಕೇ ಸುತ್ತಿಕೊಂಡಿರಬೌದಲ್ರಿ?" ಎಂದು ಕೇಳಿದ್ದು ಒಳಗೆ ಮಲಗಿದ್ದ ನನಗೆ ಕೇಳಿಸಿತು. ಆಮೇಲೆ ನಾನೂ ಎಷ್ಟೋ ಸಲ ಹೇಳಿದೆ. ಬಟ್ಟೆ ಮಡಿಸುತ್ತ ಹೇಳಿದೆ, ರೊಟ್ಟಿ ಬಡಿಯುತ್ತ ಹೇಳಿದೆ. "ಹೂಂ" ಅನ್ನುತ್ತಿದ್ದರು. ಆ ಹೂಂ ರೊಟ್ಟಿಗೆ ಹೇಳಿದ್ದೋ ನನಗೆ ಹೇಳಿದ್ದೋ ತಿಳಿಯುತ್ತಿರಲಿಲ್ಲ. ಅಂದಿನಿಂದ ನನ್ನನ್ನು ಲಾರಿ ಹತ್ತಿಸಲಿಲ್ಲ. ತವರಿಗೆ ಹೊರಟರೆ ಹರಿಹರದ ಬಸ್ಸಿನಲ್ಲಿ ಕೂರಿಸಿ, ತಾವು ಖಾಲಿ ಲಾರಿಯಲ್ಲಿ ಬಸ್ಸಿನ ಧೂಳು ಕುಡಿಯುತ್ತ ಹಿಂದೆ ಬರುತ್ತಿದ್ದರು. ಬಸ್ಸಿನವರೆಲ್ಲ ಹಿಂದಿನ ಕಿಟಕಿಯಿಂದ ನೋಡಿ ನಗುತ್ತಿದ್ದರು. ಪಕ್ಕದಲ್ಲಿ ಕೂತವರು, "ಯಾರಮ್ಮಾ ಅದು, ಲಾರಿಯವ ನಮ್ಮ ಬೆನ್ನೇ ಬಿಡವಲ್ಲ?" ಎಂದು ಕೇಳಿದರೆ ಯಾರೋ ಏನೋ ಎಂದು ನಾನೂ ಅವರ ಜೊತೆ ತಿರುಗಿ ನೋಡುತ್ತಿದ್ದೆ.

ಒಂದು ದಿನ ಹುಬ್ಬಳ್ಳಿಯ ಯಾವುದೋ ಅಂಗಡಿಯಿಂದ ಕಮಾನು ಪಟ್ಟಿಗಳ ಎರಡು ಕಟ್ಟು ತಂದು ಪಡಸಾಲೆಯಲ್ಲಿ ಇಳಿಸಿದರು. ಲಾರಿಯ ಗಾಲಿಗೂ ಮೈಗೂ ನಡುವೆ ಒಂದರ ಮೇಲೊಂದು ಬಾಗಿ ಕೂತಿರುತ್ತವಲ್ಲ, ಆ ಉಕ್ಕಿನ ಪಟ್ಟಿಗಳು. ನಮ್ಮ ಲಾರಿಯ ಕಂಪನಿಯವಲ್ಲ. ಬಸ್ಸಿಗೆ ಹಾಕುವಂಥವು, ತೆಳ್ಳಗೆ, ಉದ್ದಕ್ಕೆ. "ಏನ್ರಿ ಇವು?" ಎಂದೆ. "ಇರಲಿ" ಎಂದರು. ಇದ್ದವು. ಸುಣ್ಣ ಬಳಿದ ಗೋಡೆಗೆ ಕರಿ ಹತ್ತಿಸಿಕೊಂಡು ಇದ್ದವು. ಹಪ್ಪಳ ಒಣಹಾಕಿದ ಪಂಚೆ ಗಾಳಿಗೆ ಹಾರದ ಹಾಗೆ ಮೂಲೆಮೂಲೆಗೆ ಒಂದೊಂದು ಪಟ್ಟಿ ಇಡುವುದನ್ನು ಅತ್ತೆಯವರು ಕಲಿತರು. ನಾನು ತುಕ್ಕು ಹಿಡಿಯದಿರಲೆಂದು ಆಗಾಗ ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುತ್ತಿದ್ದೆ. ಯಾತಕ್ಕೆ ತಂದಿದ್ದಾರೆಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಮಾತು ಮಾತ್ರ ಪಟ್ಟಿಯ ಹಾಗೆ ಗೋಡೆಗೊರಗಿ ಕೂತಿತ್ತು.

ಇನ್ನು ಮಿಸ್ತ್ರಿಗಳ ವಿಷಯ. ದಾವಣಗೆರೆಯಲ್ಲಿ ಲಾರಿಯ ಮಿಸ್ತ್ರಿ ಎಂದರೆ ಲಾರಿಯನ್ನು ಗಟ್ಟಿ ಮಾಡುವವನು. ಹತ್ತಿಯ ಊರು, ಎಣ್ಣೆಯ ಊರು. ಎಲ್ಲರಿಗೂ ಇನ್ನೂ ನಾಲ್ಕು ಚೀಲ ಹೆಚ್ಚಿಗೆ ಹೇರುವ ಆಸೆ. ಪಟ್ಟಿ ತಂದರು ಎಂದರೆ ಇದ್ದುದರ ಮೇಲೆ ಸೇರಿಸುವುದು. ಇದ್ದ ದಪ್ಪ ಪಟ್ಟಿ ಬಿಚ್ಚಿ, ತೆಳ್ಳನೆಯದು ಹಾಕಿ, ಲಾರಿಯನ್ನು ಮೆತ್ತಗೆ ಮಾಡು ಎಂದವರನ್ನು ಅವರು ಕಂಡಿರಲಿಲ್ಲ. ಹಳೇಪೇಟೆಯ ಬಸಣ್ಣ ಮಿಸ್ತ್ರಿ ಮೊದಲ ಸಲ ಲಾರಿಯ ಕೆಳಗಿನಿಂದ ಮುಖ ಹೊರಗೆ ಹಾಕಿ, "ಮೆತ್ತಗ್ಯಾಕ್ರಿ? ಏನ್ ಸಾಗಸ್ತೀರಿ?" ಎಂದು ಕೇಳಿದ. ಇವರಿಗೆ ಸತ್ಯ ಹೇಳಲು ಮನಸ್ಸಾಗಲಿಲ್ಲ. ಸುಳ್ಳು ಹೇಳಲು ಮೊದಲೇ ಬರುವುದಿಲ್ಲ. "ಗಾಜಿನ ಬಳಿ" ಎಂದರಂತೆ.

"ಲಾರಿಗಟ್ಟಲೆ ಬಳಿ ತೊಡೋ ಕೈ ಯಾವೂರಾಗ ಅದಾವ್ರಿ, ರುದ್ರಣ್ಣಾ?" ಎಂದು ಬಸಣ್ಣ ಮತ್ತೆ ಒಳಗೆ ಹೋದ. ಕಾಲುಗಳು ಬಹಳ ಹೊತ್ತು ನಗುತ್ತಿದ್ದವಂತೆ.

ಎರಡನೆಯ ಮಿಸ್ತ್ರಿಯ ಹತ್ತಿರ, ಬಳೆ ನಡೆಯುವುದಿಲ್ಲ ಎಂದು, "ಕೋಳಿ ಮೊಟ್ಟೆ" ಎಂದುಬಿಟ್ಟರು. ಅವನು ನಂಬಿದ. ನಂಬಿದ್ದರಿಂದಲೇ ಅನರ್ಥವಾಯಿತು, ಊರೆಲ್ಲ ಹೇಳಿದ. ಒಂದು ಬೆಳಗ್ಗೆ ಯಾರೋ ಒಬ್ಬ ಬುಟ್ಟಿ ತುಂಬ ಮೊಟ್ಟೆ ಹೊತ್ತು ನಮ್ಮ ಬಾಗಿಲಿಗೇ ಬಂದು, "ಲಾರಿ ಯಾವಾಗ ಹೊರಡ್ತೈತ್ರಿ?" ಎಂದ. ಬಾಗಿಲು ತೆಗೆದವರು ಅತ್ತೆ, ಹಣೆಯ ವಿಭೂತಿ ಇನ್ನೂ ಹಸಿ. ಮೊಟ್ಟೆಯವನು ಓಡಿದ ಮೇಲೆ ಮಗನ ಸರದಿ ಬಂತು.

"ಲಿಂಗ ಕಟ್ಕೊಂಡ ಮನ್ಯಾಗ ಮೊಟ್ಟೆ ಯಾಪಾರ ಮಾಡ್ತೀಯೇನಲೇ? ನಿಮ್ಮಪ್ಪ ಇದ್ದಿದ್ರ ಏನಂತಿದ್ದ?"

ಇವರು ತಲೆ ತಗ್ಗಿಸಿ ನಿಂತರು. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು. "ತಪ್ಪಾತು ಬೇ, ಬಿಡ್ತೀನಿ" ಎಂದರು. ಮಾಡದ ಮೊಟ್ಟೆಯ ವ್ಯಾಪಾರವನ್ನು ಹೀಗೆ ಬಿಟ್ಟವರು ನಮ್ಮ ಊರಿನಲ್ಲಿ ಇವರೊಬ್ಬರೇ ಇರಬೇಕು. ನಾನು ಅಡಿಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಒಲೆಗೇ ಗೊತ್ತು.

ಮೂರನೆಯವನು ಏನನ್ನೂ ಕೇಳಲಿಲ್ಲ. "ಬಿಟ್ಟು ಹೋಗ್ರಿ" ಎಂದ. ಸಂಜೆ ಹೋಗಿ ನೋಡಿದರೆ ಹಳೆಯ ದಪ್ಪ ಪಟ್ಟಿಗಳು ಇದ್ದಲ್ಲೇ ಇದ್ದವು, ಮೇಲೆ ಹೊಸವನ್ನೂ ಸೇರಿಸಿ ಬಿಗಿದಿದ್ದ. "ಇನ್ನು ಆನಿ ಹೇರ್ರಿ, ಜಗ್ಗಲ್ಲ!" ಎಂದು ಬೆನ್ನು ಬೇರೆ ತಟ್ಟಿದನಂತೆ. ಇವರು ಆ ಕಲ್ಲಿನಂಥ ಲಾರಿಯನ್ನು ಓಡಿಸಿಕೊಂಡು ಮನೆಗೆ ಬಂದು, ಊಟ ಬೇಡವೆಂದು ಮಲಗಿದರು. ಬೇರೆ ಲಾರಿಯವರು ಕೈಮುಗಿದು ಬೇಡುವಂಥ ಕೆಲಸ ಅದು. ಇವರು ಮಾರನೆಯ ದಿನವೇ ಆ ಹೊಸ ಪಟ್ಟಿಗಳನ್ನು ಬಿಚ್ಚಿಸಿಕೊಂಡು ಬಂದರು. ಪಡಸಾಲೆಯಲ್ಲಿ ಅವುಗಳ ಜಾಗ ಹಾಗೆಯೇ ಕಾದಿತ್ತು.

ಆಮೇಲೆ ನನ್ನ ಅಣ್ಣನ ಮಗಳ ನಾಮಕರಣ ಬಂತು. ಎಂದಿನಂತೆ ನಾನು ಬಸ್ಸಿನಲ್ಲಿ, ಅವರು ಹಿಂದೆ. ಹರಿಹರದಲ್ಲಿ ಇಳಿದು, ಊರ ಕಡೆಯ ಬಸ್ಸಿಗೆ ಕಾಯುತ್ತ ಕೈಚೀಲ ಇಟ್ಟುಕೊಂಡು ನಿಂತಿದ್ದೆ. ಇವರು ಲಾರಿಯನ್ನು ರಸ್ತೆಯಾಚೆ ಒಂದು ತಗಡಿನ ಷೆಡ್ಡಿನ ಮುಂದೆ ನಿಲ್ಲಿಸಿದರು. ನೋಡಿದರೆ, ಪಟ್ಟಿಗಳನ್ನೂ ಹೇರಿಕೊಂಡು ಬಂದಿದ್ದಾರೆ. ಷೆಡ್ಡಿನವನು ಖಾದರ್ ಸಾಬ, ದಪ್ಪ ಮನುಷ್ಯ; ಲಾರಿಯ ಕೆಳಗೆ ಹೋಗಲಾರದೆ ಮುರಿದ ಸೀಟಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಕೊನೆಗೂ ಮುಖವಿರುವ ಮಿಸ್ತ್ರಿ ಸಿಕ್ಕಿದ ಎಂದು ನಾನೂ ರಸ್ತೆ ದಾಟಿದೆ.

"ಮೆತ್ತಗೆ? ಲಾರೀನ? ಯಾಕ್ರಿ ಸಾವ್ಕಾರ್ರೇ, ಏನ್ ಮಾಲು?"

ಇವರು ಬಾಯಿ ತೆರೆದರು. ಈ ಸಲ ಕನ್ನಡಿ ಸಾಗಿಸುತ್ತಾರೋ, ಹಾಲಿನ ಕೆನೆ ಸಾಗಿಸುತ್ತಾರೋ, ದೇವರೇ ಬಲ್ಲ. ನನಗೆ ತಡೆಯಲಾಗಲಿಲ್ಲ.

"ಮಾಲು ನಾನೇ ಅಣ್ಣಾ" ಎಂದೆ. "ಈ ಲಾರ್‍ಯಾಗ ತವರಿಗೆ ಬಂದಾಗ ನಮ್ಮ ಕೂಸು ಹೋತು. ಲಾರಿಯಿಂದಲ್ಲ, ಡಾಕ್ಟ್ರು ಹೇಳ್ಯಾರೆ. ಇವರು ಒಪ್ಪವಲ್ರು. ಪಟ್ಟಿ ಹಾಕಿಕೊಡ್ರಿ."

ಖಾದರ್ ಸಾಬ ಚಹಾದ ಲೋಟ ಕೆಳಗಿಟ್ಟ. ಇವರು ರಸ್ತೆಯ ಕಡೆ ತಿರುಗಿ ನಿಂತರು.

"ಲೋಡ್ ಅರ್ಧಕ್ಕೆ ಇಳೀತೈತೆ" ಎಂದ ಖಾದರ್ ಸಾಬ.

"ಇಳೀಲಿ" ಎಂದರು ಇವರು, ರಸ್ತೆಗೇ.

"ಯಾಪಾರ ಹಾಳಾಗ್ತೈತ್ರಿ."

"ಆಗಲಿ ಮಾರಾಯಾ."

"ಕೂಡ್ರಿ ಅಕ್ಕಾ, ಬಿಸಿಲಾಗ ನಿಲ್ಲಬ್ಯಾಡ್ರಿ" ಎಂದು ತನ್ನ ಮುರಿದ ಸೀಟು ನನಗೆ ಬಿಟ್ಟುಕೊಟ್ಟು, ಆ ದಪ್ಪ ಮನುಷ್ಯ ಉಸ್ಸಪ್ಪಾ ಎನ್ನುತ್ತ ತಾನೇ ಲಾರಿಯ ಕೆಳಗೆ ನುಗ್ಗಿದ. ಮಧ್ಯಾಹ್ನಕ್ಕೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿಕೊಟ್ಟ. ನಾಮಕರಣದ ಹೊತ್ತು ಮೀರಿತು. ನನಗೆ ಬೇಜಾರಾಗಲಿಲ್ಲ, ಆ ತೊಟ್ಟಿಲ ಶಾಸ್ತ್ರದಲ್ಲಿ ನಿಂತು ಹಾಡುವ ಧೈರ್ಯ ನನಗೂ ಅಷ್ಟಾಗಿ ಇರಲಿಲ್ಲ.

ಇಳಿಹೊತ್ತಿಗೆ ಇವರು ನನ್ನ ಕಡೆಯ ಬಾಗಿಲು ತೆಗೆದು, "ಹತ್ತು" ಎಂದರು. ಅಷ್ಟು ದಿನಗಳ ಮೇಲೆ ಹತ್ತಿದೆ. ಊರ ದಾರಿ ಬಂತು. ಗಾಡಿಯ ಜಾಡು ಗಾಡಿಯ ಜಾಡೇ. ಉಕ್ಕು ತೆಳ್ಳಗಾದರೆ ಹಳ್ಳ ಆಳ ಕಡಿಮೆ ಮಾಡಿಕೊಳ್ಳುತ್ತದೆಯೇ? ಮೊದಲು ದಡಕ್ ಎನ್ನುತ್ತಿದ್ದ ಲಾರಿ ಈಗ ದಡಕ್ ಎಂದು ಆಮೇಲೆ ಎರಡು ಸಲ ತೂಗುತ್ತಿತ್ತು, ಅಷ್ಟೇ. ನನ್ನ ಸೊಂಟಕ್ಕೆ ಎರಡೂ ಒಂದೇ. ಇವರು ದಾರಿ ನೋಡುವುದು ಬಿಟ್ಟು ನನ್ನ ಮುಖವನ್ನೇ ನೋಡುತ್ತ, "ಹೆಂಗೈತೆ? ಎತ್ತಾಕತೈತೇನು?" ಎಂದು ಹಳ್ಳಹಳ್ಳಕ್ಕೂ ಕೇಳಿದರು.

"ಇಲ್ರಿ" ಎಂದೆ. "ತೊಟ್ಟಿಲದಂಗ ಐತೆ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮೆತ್ತನೆಯದಕ್ಕೆ ಹೇಳುವ ಮಾತು ನಮ್ಮಲ್ಲಿ ಅದೊಂದೇ, ಬಾಯಿಗೆ ಅದೇ ಬಂತು. ಇವರು ಲಾರಿ ನಿಲ್ಲಿಸಿದರು. ಇಳಿದು ಹಿಂದಕ್ಕೆ ಹೋಗಿ, ಗಾಲಿಯ ಹತ್ತಿರ ಕುಕ್ಕುರುಗಾಲಲ್ಲಿ ಬಹಳ ಹೊತ್ತು ಕೂತರು. ಬಂದಾಗ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. "ಧೂಳು" ಎಂದರು. "ಹೌದ್ರಿ, ಬಾಳ ಧೂಳು" ಎಂದೆ. ಅಂದಿನಿಂದ ಅವರು ನನ್ನ ಮುಖ ನೋಡಿ ಮಾತಾಡತೊಡಗಿದರು.

ನಮಗೆ ಮತ್ತೆ ಮಕ್ಕಳಾಗಲಿಲ್ಲ. ಲಾರಿಯೂ ಅರ್ಧ ಲೋಡಿನಲ್ಲೇ ಜೀವನ ಸಾಗಿಸುತ್ತಿದೆ. ನನಗೀಗ ಸೊಂಟನೋವು, ವಯಸ್ಸೂ ನಲವತ್ತು ದಾಟಿದೆ. ಹರಿಹರಕ್ಕೆ ಒಳ್ಳೊಳ್ಳೆಯ ಬಸ್ಸುಗಳು ಬಂದಿವೆ, ಮೆತ್ತನೆಯ ಸೀಟು, ಕಿಟಕಿಗೆ ಪರದೆ ಬೇರೆ. ಬಸ್ಸಿಗೆ ಹೋಗುತ್ತೇನೆ ಎಂದರೆ ಇವರು, "ಆಹಾ! ನೀನೇ ಹೇಳಿಲ್ಲೇನು, ಮತ್ತ್ಯಾಕ ಬಸ್ಸು?" ಎಂದು ಬಾಗಿಲು ತೆಗೆದು ನಿಲ್ಲುತ್ತಾರೆ. ಡಾಕ್ಟರು ಹೇಳಿದ್ದನ್ನು ನಂಬದ, ನಾನು ನೂರು ಸಲ ಹೇಳಿದ ನಿಜವನ್ನು ನಂಬದ ಮನುಷ್ಯ ಆ ತೊಟ್ಟಿಲಿನ ಸುಳ್ಳೊಂದನ್ನು ಮಾತ್ರ ಹೇಗೆ ನಂಬಿದರೋ! ಈಗ ಎರಡೂ ಕೈಯಿಂದ ಬಾಗಿಲ ಹಿಡಿ ಗಟ್ಟಿಯಾಗಿ ಹಿಡಿದು, ಹಲ್ಲು ಕಚ್ಚಿ, ಅವರು ಈ ಕಡೆ ನೋಡಿದಾಗಲೆಲ್ಲ ನಗುತ್ತ, ತವರಿನವರೆಗೂ ಹಾಗೇ ಕೂತಿರುತ್ತೇನೆ.