ಹೆಪ್ಪಿಗೆ ಬಿದ್ದ ನಾಲ್ಕು ಹನಿ

"ಹದಿನೈದ ದಿನ! ಅಷ್ಟರಾಗ ನಿನ್ನ ಮೂಗ ನಿನಗ ವಾಪಸ್ ತಂದ ಕೊಡಲಿಲ್ಲಂದ್ರ ನಾ ಮೂವತ್ತ ವರ್ಷ ಕೆಮಿಸ್ಟ್ರಿ ಕಲಿಸಿದ್ದ ಸುಳ್ಳ!"

ರೋಣದ ನಿವೃತ್ತ ರಸಾಯನಶಾಸ್ತ್ರ ಮಾಸ್ತರ ಪ್ರಭುಲಿಂಗಪ್ಪನವರು ಹೀಗೆ ಭೀಷ್ಮಪ್ರತಿಜ್ಞೆ ಮಾಡಿದಾಗ ಹೆಂಡತಿ ಸುವರ್ಣಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ಮೂಗ ಇಲ್ಲೇ ಐತ್ರಿ. ವಾಸನಿ ಹೋಗೇತಿ."

ಕೊರೋನಾ ಜ್ವರದಲ್ಲಿ ಹೋದದ್ದು ಮರಳಿರಲಿಲ್ಲ. ಒಗ್ಗರಣೆ ಸೀದರೂ ತಿಳಿಯದು, ಮಲ್ಲಿಗೆ ಮುಡಿದರೂ ತಿಳಿಯದು. ಅದಕ್ಕೆಲ್ಲ ಅವಳು ನಕ್ಕುಬಿಡುತ್ತಿದ್ದಳು. ಮೊಸರಿನ ವಿಷಯಕ್ಕೆ ಮಾತ್ರ ನಗು ಬರುತ್ತಿರಲಿಲ್ಲ. ಮದುವೆಯಾಗಿ ಬರುವಾಗ ಜಕ್ಕಲಿಯ ತವರಿನಲ್ಲಿ ಅವ್ವ ಒಂದು ಕುಡಿಕೆ ಹೆಪ್ಪು ಕೊಟ್ಟು ಕಳಿಸಿದ್ದಳು. ಇವತ್ತಿನ ಮೊಸರಿನ ಒಂದು ಚಮಚ ನಾಳಿನ ಹಾಲಿಗೆ. ಹೀಗೆ ಮೂವತ್ತನಾಲ್ಕು ವರ್ಷ! ಅವ್ವ ತೀರಿಕೊಂಡ ಮೇಲೂ ಗಡಿಗೆಯ ಮುಚ್ಚಳ ತೆಗೆದರೆ ಜಕ್ಕಲಿಯ ಅಡುಗೆಮನೆ ಎದುರಿಗೆ ಬರುತ್ತಿತ್ತಂತೆ. ಈಗಲೂ ದಿನಾ ಬೆಳಿಗ್ಗೆ ಮುಚ್ಚಳ ತೆಗೆಯುತ್ತಾಳೆ, ಬಗ್ಗುತ್ತಾಳೆ, ಕಣ್ಣು ಮುಚ್ಚುತ್ತಾಳೆ, ಮತ್ತೆ ಸುಮ್ಮನೆ ಮುಚ್ಚಿಡುತ್ತಾಳೆ. ಅದನ್ನು ನೋಡಲಾರದೆಯೇ ಮಾಸ್ತರರು ಪ್ರತಿಜ್ಞೆಗಿಳಿದದ್ದು.

ಥೈಮ್ ಎಂಬ ವಿಲಾಯತಿ ಸೊಪ್ಪಿನ ಎಣ್ಣೆ ಮೂಸಬೇಕೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರು. ತರಿಸಿದರು. ಹೆಬ್ಬೆರಳಷ್ಟು ಸೀಸೆ! ಮೂರು ದಿನ ಮೂಸಿಸಿದರು, ನಾಲ್ಕನೆಯ ದಿನ ಕೈಜಾರಿ ಒಡೆಯಿತು. ಚೂರು ಆರಿಸುತ್ತ ಮೇಲಿನ ಚೀಟಿ ಓದಿದರು: ಥೈಮಾಲ್, ಕಾರ್ವಕ್ರಾಲ್, ಸೈಮೀನ್...

"ಸುವರ್ಣಾ! ಈ ಥೈಮಾಲ್ ನಮ್ಮ ಅಜವಾನದಾಗೂ ಐತಿ! ಮನ್ಯಾಗ ಎಣ್ಣಿ ತಗೀತೀನಿ!"

"ಕುಕ್ಕರ ಮುಟ್ಟಬ್ಯಾಡ್ರಿ ಮತ್ತ."

ಮುಟ್ಟಿದರು! ಅವಳು ಓಣಿಯ ಗಾಳೆವ್ವನ ಮನೆಗೆ ಶಾವಿಗೆ ಮಾಡಲು ಹೋದದ್ದೇ ತಡ, ಗಜೇಂದ್ರಗಡದಿಂದ ತಂದ ಎರಡು ಕಿಲೋ ಓಂಕಾಳು, ಅದೇ ಅಜವಾನ, ನೀರಿನ ಜೊತೆ ಕುಕ್ಕರಿಗೆ ಬಿತ್ತು. ಸೀಟಿಯ ಜಾಗಕ್ಕೆ ರಬ್ಬರ್ ನಳಿಕೆ. ಅದು ತಣ್ಣೀರ ಬಕೆಟ್ಟಿನಲ್ಲಿ ಮುಳುಗಿ ಎದ್ದು ಗ್ಲಾಸಿಗೆ ಇಳಿಯಿತು. ಮೊದಲ ಹನಿ ಬಿದ್ದಾಗ ಮಾಸ್ತರರು ಎರಡೂ ಕೈ ಎತ್ತಿ ತಮಗೆ ತಾವೇ ಜಯಕಾರ ಹಾಕಿಕೊಂಡರು. ಮೊಣಕೈ ನಳಿಕೆಗೆ ತಾಗಿತು. ಅದು ಕೆರಳಿದ ನಾಗಪ್ಪನಂತೆ ಎದ್ದು ಗೋಡೆಗೆ, ಕನ್ನಡಕಕ್ಕೆ, ಕೊನೆಗೆ ಮುಚ್ಚಳ ಸರಿದಿದ್ದ ಮೊಸರಿನ ಗಡಿಗೆಗೆ ಉಗುಳಿತು!

ಓಣಿಯೆಲ್ಲ ಘಮ್ಮೆಂದಿತು. ಪಕ್ಕದ ಮನೆಯ ಕಮರುನ್ನಿಸಾ ಓಡಿಬಂದರು.

"ಇಷ್ಟ ಅಜವಾನದ ವಾಸನಿ! ಮನ್ಯಾಗ ಬಾಣಂತಿ ಯಾರ್ರಿ, ಮಾಸ್ತರ್ರ?"

"ನಾನ ರೀ! ಎಣ್ಣಿ ಹಡದೇನಿ!"

ಅವರನ್ನು ಸಾಗಹಾಕಿ ಗಡಿಗೆ ನೋಡಿದರು. ಮೊಸರಿನ ಮೇಲೆ ಎಣ್ಣೆ ಮಿನುಗುತ್ತಿತ್ತು. ಚಮಚದಿಂದ ಬಳಿದು ತೆಗೆದರು. ನಾಲ್ಕು ಹನಿ ಉಳಿದಿರಬಹುದು. ಅವಳಿಗೆಲ್ಲಿ ಗೊತ್ತಾಗುತ್ತದೆ? ಹಾಗೆ ಅಂದುಕೊಂಡದ್ದಕ್ಕೆ ಅವರಿಗೇ ನಾಚಿಕೆಯಾಯಿತು. ಆದರೂ ಮುಚ್ಚಿಟ್ಟರು.

ಸುವರ್ಣಾ ಬಂದಳು. "ಕಣ್ಣ ಉರೀತಾವ. ವಾಸನಿ ಏನೂ ಇಲ್ಲ," ಎಂದವಳು ಅದೇ ಮೊಸರನ್ನು ಹಾಲಿಗೆ ಹೆಪ್ಪು ಹಾಕಿದಳು. ಬೆಳಿಗ್ಗೆ ಹಾಲು ಹಾಲಾಗಿಯೇ ಇತ್ತು. ಉಳಿದ ಹೆಪ್ಪು ಹಾಕಿದಳು. ಮರುದಿನವೂ ಹಾಲೇ!

"ಒಂದ ದಿನಾನೂ ಹಿಂಗ ಆಗಿದ್ದಿಲ್ಲ. ಯಾಕ್ರಿ?"

ಮೂವತ್ತು ವರ್ಷದ ಚಟ, ಪಾಠ ತಾನಾಗಿ ಹೊರಬಿತ್ತು. "ಥೈಮಾಲ್ ಸೂಕ್ಷ್ಮಜಂತುಗಳ ಮೈಪೊರಿ ಹರದ ಹಾಕತೈತಿ. ಕೆಟ್ಟ ಜಂತು, ಚಲೋ ಜಂತು ಅಂತ ಅದಕ್ಕ ಭೇದ ಇಲ್ಲ. ಹೆಪ್ಪಿನಾಗ ನಾಕ ಹನಿ..."

"ನಾಕ ಹನಿ?"

ಎಲ್ಲ ಹೇಳಿದರು.

"ನನಗ ವಾಸನಿ ಬರೂದಿಲ್ಲಂತ ಮುಚ್ಚಿಟ್ರೇನ್ರಿ?"

ಅಷ್ಟೇ. ಗಡಿಗೆ ತೊಳೆದು ಬೋರಲು ಹಾಕಿದಳು. ಬೈದಿದ್ದರೆ ಮಾಸ್ತರರಿಗೆ ಅನ್ನವಾದರೂ ಇಳಿಯುತ್ತಿತ್ತು.

ಸಿಕ್ಕ ಬಸ್ಸಿಗೆ ಜಕ್ಕಲಿಗೆ ಹೋದರು. ಅತ್ತೆಯ ಎದುರುಮನೆಯ ಹೊಳೆವ್ವ ಒಂದು ಕಾಲಕ್ಕೆ ಅತ್ತೆಯಿಂದ ಒಯ್ದ ಹೆಪ್ಪನ್ನೇ ಇವತ್ತಿಗೂ ನಡೆಸಿಕೊಂಡು ಬಂದಿದ್ದಳು. ಡಬ್ಬಿಗೆ ಮೊಸರು ಹಾಕುತ್ತ, "ಅಳಿಯಾರ, ಇಷ್ಟ ಓದೀರಿ, ಒಂದ ಗಡಿಗಿ ಮೊಸರ ಕಾಯಾಕ ಆಗಲಿಲ್ಲೇನ್ರಿ?" ಎಂದಳು. ಮಾಸ್ತರರು ತಲೆ ತಗ್ಗಿಸಿ ಡಬ್ಬಿಯನ್ನು ಕೂಸಿನಂತೆ ಎದೆಗವಚಿಕೊಂಡು ಬಂದರು.

ಮರುದಿನ ಬೆಳಿಗ್ಗೆ ಮೊಸರು ಗಟ್ಟಿಯಾಗಿ ಕೂತಿತ್ತು. ಸುವರ್ಣಾ ಮುಚ್ಚಳ ತೆಗೆದು ಬಗ್ಗಿದಳು, ಕಣ್ಣು ಮುಚ್ಚಿದಳು. ಮಾಸ್ತರರು ಪಕ್ಕಕ್ಕೆ ಬಂದು ಕೂತರು.

"ಬಂತೇನ?"

"ಇಲ್ರಿ." ಗಡಿಗೆಯನ್ನು ಅವರತ್ತ ಸರಿಸಿದಳು. "ನೀವ ಮೂಸಿ ನನಗ ಹೇಳ್ರಿ."

ಮೂಸಿದರು. "ಲ್ಯಾಕ್ಟಿಕ್ ಆಮ್ಲ ಐತಿ. ಮತ್ತ ಡೈಅಸಿಟೈಲ್..."

"ಅದು ಪುಸ್ತಕದ ವಾಸನಿ. ಮೊಸರಿಂದು ಹೇಳ್ರಿ."

ಮತ್ತೆ ಮೂಸಿದರು. ಮೂವತ್ತನಾಲ್ಕು ವರ್ಷ ದಿನಾ ಉಂಡ ಮೊಸರು! ಒಂದೇ ಒಂದು ಮಾತು ಹೊಳೆಯಲಿಲ್ಲ.

"ನಾಳಿ ಹೇಳತೀನಿ," ಎಂದು ಮೆಲ್ಲಗೆ ಏಳಹೊರಟರು.

ಸುವರ್ಣಾ ಗಡಿಗೆಯನ್ನು ಅವರ ಮೂಗಿನ ಕೆಳಗೇ ಹಿಡಿದಳು.

"ನಾಳಿ ಬ್ಯಾರೆ ಮೊಸರ ಇರತೈತ್ರಿ. ಇವತ್ತಿಂದು ಹೇಳ್ರಿ, ನಾ ಇಲ್ಲೇ ಕುಂದರ್ತೀನಿ."