ಬಾಸ್ಕ್ ಊರುಗಳಿಗೆ ಆರಾಮಾಗಿ ಹೊರಟವರು

ಟೂರು ಮಾಡಿಸುವ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಜಯನಗರದ ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದು, "ಆರಾಮಾಗಿ ಹೋಗ್ಬಿಟ್ಟು ಬರೋಣ ಅಂತ ಮೇಡಂ" ಎಂದು ಮಾತು ಶುರು ಮಾಡುವವರೇ ನನ್ನ ಆರಾಮ ಕೆಡಿಸುವವರು. ಇಂಥದ್ದು ಆಗುತ್ತಲೇ ಇರುತ್ತದೆ, ನಾನೂ ನಗುತ್ತಲೇ ಇರುತ್ತೇನೆ. ಈಚೆಗೆ ಬಂದ ಒಂದು ಜೋಡಿಯದನ್ನು ಮಾತ್ರ ಬರೆದಿಡದೆ ಇರಲಾಗಲಿಲ್ಲ.

ಇಬ್ಬರೂ ಜೆ.ಪಿ. ನಗರದವರು. ಯಜಮಾನರು ರಿಟೈರ್ಡ್ ಎಂಜಿನಿಯರ್. ಹೆಂಡತಿ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆಗಿದ್ದವರು. ಸ್ಪೇನ್ ದೇಶದ ಉತ್ತರದ ತುದಿಯಲ್ಲಿ, ಸಮುದ್ರದ ಪಕ್ಕಕ್ಕಿರುವ ಬಾಸ್ಕ್ ಊರುಗಳನ್ನು ಟೀವಿಯಲ್ಲಿ ನೋಡಿ ಟೀಚರ್ ಮನಸೋತಿದ್ದರು. ನನಗೆ ಮೊದಲೇ ಫೋನ್ ಮಾಡಿ ಹೇಳಿದ್ದರು: "ಸ್ಕೂಲಲ್ಲಿ ಬೆಲ್ಲು, ಮನೇಲಿ ಇವರ ವಾಚು. ಜೀವಮಾನ ಪೂರ್ತಿ ಓಡಿದ್ದಾಯ್ತು ಕಣಮ್ಮಾ. ಒಂದೇ ಒಂದ್ಸಲ, ಒಳ್ಳೇ ಊಟದ ಮುಂದೆ ಒಂದು ಗ್ಲಾಸ್ ವೈನ್ ಇಟ್ಕೊಂಡು ಕೂತ್ಕೋಬೇಕು. ಯಾರೂ 'ಏಳು, ಟೈಮಾಯ್ತು' ಅನ್ಬಾರ್ದು. ಅಷ್ಟು ಮಾಡ್ಕೊಡು."

ಅಷ್ಟೇ ತಾನೆ, ನಾನು ಮಾಡಿಕೊಡುತ್ತೇನೆ ಎಂದೆ.

೧. ಪಟ್ಟಿ

ಮಾರನೇ ದಿನ ಇಬ್ಬರೂ ಬಂದರು. ಯಜಮಾನರ ಕೈಯಲ್ಲಿ ಲ್ಯಾಮಿನೇಟ್ ಮಾಡಿಸಿದ ಒಂದು ಪಟ್ಟಿ. ನಾನಿನ್ನೂ ಬಾಯಿ ತೆಗೆದಿಲ್ಲ, ಇವರದು ಲ್ಯಾಮಿನೇಶನ್ನೇ ಆಗಿಹೋಗಿದೆ!

"ಮೊದಲ್ನೇ ದಿನ ಬಿಲ್ಬಾವೊ. ಐದೂವರೆಗೆ ಏಳೋದು, ಆರೂಕಾಲಿಗೆ ತಿಂಡಿ, ಏಳಕ್ಕೆ ಮ್ಯೂಸಿಯಂ" ಎಂದು ಓದತೊಡಗಿದರು.

"ಸಾರ್, ಅಲ್ಲಿ ಮ್ಯೂಸಿಯಂ ತೆಗೆಯೋದೇ ಹತ್ತು ಗಂಟೆಗೆ. ಮಧ್ಯಾಹ್ನದ ಊಟಕ್ಕೆ ಎರಡಾಗತ್ತೆ. ರಾತ್ರಿ ಊಟ ಒಂಬತ್ತಕ್ಕೆ" ಎಂದೆ.

"ಒಂಬತ್ತಕ್ಕಾ? ಅದು ತಪ್ಪು ಅಂತ ಅವರಿಗೆ ಯಾರೂ ಹೇಳಿಲ್ವಾ?" ಎಂದರು ನಿಜವಾದ ಕಾಳಜಿಯಿಂದ.

ಟೀಚರ್ ಪಟ್ಟಿ ಇಸಿದುಕೊಂಡು, ಉತ್ತರಪತ್ರಿಕೆ ತಿದ್ದುವ ಹಾಗೆ ಬೆರಳಿಟ್ಟು ಮೇಲಿಂದ ಕೆಳಗೆ ನೋಡಿದರು. "ರೀ, ಆರಾಮಾಗಿ ಹೋಗೋದು ಅಂತ ತಾನೇ ಮಾತಾಗಿದ್ದು? ಇದರಲ್ಲಿ ಆರಾಮ ಎಲ್ಲಿದೆ?"

"ಯಾಕಿಲ್ಲ? ಸರಿಯಾಗಿ ನೋಡು, ಹಾಕಿದೀನಿ. ನಾಲ್ಕು ಹತ್ತರಿಂದ ನಾಲ್ಕು ಇಪ್ಪತ್ತೈದು, ಆರಾಮ."

೨. ರಿಹರ್ಸಲ್

ಬಾಸ್ಕ್ ಊರುಗಳಲ್ಲಿ ತಿನ್ನುವ ಕ್ರಮವೇ ಬೇರೆ. ಬಾರಿನ ಕಟ್ಟೆಯ ಮೇಲೆ ಬ್ರೆಡ್ಡಿನ ತುಂಡುಗಳ ಮೇಲೆ ಏನೇನೋ ಜೋಡಿಸಿಟ್ಟಿರುತ್ತಾರೆ. ಅದಕ್ಕೆ ಪಿಂಚೋ ಎನ್ನುತ್ತಾರೆ. ಒಂದು ಕಡೆ ನಿಂತು ಒಂದು ತಿನ್ನುವುದು, ಒಂದು ಗುಟುಕು ಕುಡಿಯುವುದು, ಹರಟುತ್ತಾ ಪಕ್ಕದ ಬಾರಿಗೆ ನಡೆಯುವುದು. ಹೊರಗಿನವರಿಗೆ ಇದನ್ನು ವಿವರಿಸಲು ಕಷ್ಟವಾಗಬಹುದು. ದರ್ಶಿನಿಯಲ್ಲಿ ನಿಂತು ಬೆಳೆದ ನಮಗೇನು ಕಷ್ಟ?

ಇವರು ಮೊಟ್ಟೆಯ ತನಕ ಸೈ, ಮೀನು ಮಾಂಸ ಇಲ್ಲ. ಅಣಬೆ, ಚೀಸು ಸಿಗುತ್ತದೆ, ಹಸಿಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಬಾಡಿಸಿ ಉಪ್ಪು ಉದುರಿಸಿ ಕೊಡುತ್ತಾರೆ ಎಂದೆ. "ಅಂದ್ರೆ ಹಿಟ್ಟಿಲ್ಲದ ಬಜ್ಜಿ" ಎಂದು ಯಜಮಾನರು ಒಪ್ಪಿದರು. ನಿಧಾನ ಅಭ್ಯಾಸವಾಗಲಿ ಎಂದು ಒಂದು ಸಂಜೆ ಇಬ್ಬರನ್ನೂ ನಾನೇ ಕರೆದುಕೊಂಡು ಹೊರಟೆ. ಒಂದು ದರ್ಶಿನಿಯಲ್ಲಿ ವಡೆ, ಮುಂದಿನದರಲ್ಲಿ ಇಡ್ಲಿ, ಅದರ ಮುಂದಿನದರಲ್ಲಿ ದೋಸೆ, ಕೊನೆಯದರಲ್ಲಿ ಕಾಫಿ. ಎರಡು ಗಂಟೆಯ ಕಾರ್ಯಕ್ರಮ.

ಮೊದಲನೇ ದರ್ಶಿನಿಯಲ್ಲಿ ಕಾಫಿ ಮಾಡುವವರು ಲೋಟದಿಂದ ಲೋಟಕ್ಕೆ ಎತ್ತರದಿಂದ ಸುರಿಯುತ್ತಿದ್ದರು. "ಅಲ್ಲಿ ವೈನನ್ನೂ ಹೀಗೇ ಎತ್ತಿ ಸುರೀತಾರಂತೆ" ಎಂದು ಟೀಚರ್ ವಡೆಯ ಒಂದು ಚೂರು ಮುರಿದು ಚಟ್ನಿಯಲ್ಲಿ ಅದ್ದಿ, ಕಣ್ಣರಳಿಸಿ ನೋಡುತ್ತಾ ನಿಂತರು. ಅವರ ಮುಖ ನೋಡಿ ನನಗೂ ಖುಷಿಯಾಯಿತು. ತಿರುಗಿ ನೋಡಿದರೆ ಪಕ್ಕದಲ್ಲಿ ಯಜಮಾನರಿಲ್ಲ.

ಸ್ವಲ್ಪ ಹೊತ್ತಿಗೆ ಕರ್ಚೀಫಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾ ಎದುರು ದಿಕ್ಕಿನಿಂದ ಬಂದರು. "ನಾಲ್ಕೂ ಮುಗೀತು. ಇಪ್ಪತ್ತೇ ನಿಮಿಷ! ಈ ಪಿಂಚೋ ತಿನ್ನೋಕೆ ಅಂತ ಸಾನ್ ಸೆಬಾಸ್ಟಿಯನ್ ಊರಿಗೆ ಎರಡು ದಿನ ಇಟ್ಟಿದೀರಲ್ಲ ಮೇಡಂ, ದಂಡ. ಅದರಲ್ಲಿ ಇನ್ನೂ ಮೂರು ಊರು ಹಿಡಿಸ್ಬಹುದು."

೩. ಬಾರ್ ಎಂದು ಬರೆಯಬೇಡಿ

ಅವರ ಮನೆಯಲ್ಲಿ ಒಂದು ಪದ್ಧತಿ. ಯಾರು ಎಲ್ಲಿಗೆ ಹೊರಟರೂ ಪ್ರವಾಸದ ವಿವರವನ್ನು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಕುಮಾರಸ್ವಾಮಿ ಲೇಔಟಿನಲ್ಲಿರುವ ದೊಡ್ಡಣ್ಣ ಅದನ್ನು ಓದಿ "ಶುಭವಾಗಲಿ" ಎನ್ನಬೇಕು. ಆ ಅಣ್ಣನ ಮುಂದೆ ಯಜಮಾನರು ಈಗಲೂ ಕಾಲ ಮೇಲೆ ಕಾಲು ಹಾಕಿ ಕೂರುವುದಿಲ್ಲ.

"ಮೇಡಂ, ಕಾಗದದ ಮೇಲೆ ಬಾರು, ವೈನು ಬೇಡ. ಬೇರೆ ಏನಾದ್ರೂ ಬರೀರಿ" ಎಂದರು.

ಇಂಥದ್ದರಲ್ಲಿ ನಾನು ಎತ್ತಿದ ಕೈ. ಹೆಸರುಗಳನ್ನು ಹಾಗೇ ಬಿಟ್ಟು, ಬಾರುಗಳನ್ನೆಲ್ಲ "ಸ್ಥಳೀಯ ಉಪಾಹಾರ ಕೇಂದ್ರ" ಮಾಡಿದೆ. ವೈನ್ ಮಾಡುವ ಜಾಗಗಳು "ದ್ರಾಕ್ಷಿ ತೋಟ ವೀಕ್ಷಣೆ" ಆದವು. ಸೇಬಿನ ಮದ್ಯದ ಮನೆಯೊಂದಿತ್ತು, ಅದನ್ನು "ಹಣ್ಣಿನ ಸಂಸ್ಕರಣಾ ಘಟಕ" ಎಂದು ಬರೆದೆ. ಓದಿದರೆ ಕೃಷಿ ಇಲಾಖೆಯ ಅಧ್ಯಯನ ಪ್ರವಾಸದಂತಿತ್ತು.

ಸಂಜೆಗೇ ಅಣ್ಣನ ಫೋನು ಬಂತಂತೆ: "ಫಾರಿನ್ನಲ್ಲಿ ಇಷ್ಟು ಸಾತ್ವಿಕವಾದ ಟೂರು ಇರತ್ತೆ ಅಂತಲೇ ಗೊತ್ತಿರಲಿಲ್ಲ ಕಣೋ. ನಮ್ಮಿಬ್ಬರ ಟಿಕೆಟ್ಟೂ ಹಾಕ್ಸು!"

೪. ಅತ್ತಿಗೆ ಬಂದರು

ಫೋನಿನಲ್ಲಿ ಟೀಚರ್ ದನಿ ಇಳಿದುಹೋಗಿತ್ತು. "ಬಿಡಮ್ಮಾ. ಭಾವನವರ ಜೊತೆ ಅಷ್ಟು ದೂರ ಹೋಗಿ ಮಜ್ಜಿಗೆ ಕುಡ್ಕೊಂಡ್ ಬರ್ತೀವಿ" ಎಂದರು. ನನಗೆ ನಿಜಕ್ಕೂ ಬೇಜಾರಾಯಿತು. ಅವರು ಕೇಳಿದ್ದು ಒಂದೇ ಒಂದು ಗ್ಲಾಸು. ನನ್ನ ಜಾಣತನದಿಂದ ಅದೂ ಹೋಯಿತು.

ಎರಡು ದಿನ ಬಿಟ್ಟು ಅಣ್ಣನ ಹೆಂಡತಿ ಎರಡು ಪಾಸ್‌ಪೋರ್ಟ್ ಹಿಡಿದು ಆಫೀಸಿಗೆ ಬಂದರು. ಹಣೆಯಲ್ಲಿ ಅಗಲ ಕುಂಕುಮ, ಕೈಯಲ್ಲಿ ವೈರ್ ಬುಟ್ಟಿ. ಮೊದಲೇ ಬಂದು ಕೂತಿದ್ದ ಯಜಮಾನರು ಎದ್ದು ನಿಂತು ಕುರ್ಚಿ ಕೊಟ್ಟರು. ಟೀಚರ್ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಅತ್ತಿಗೆ ಕನ್ನಡಕ ಹಾಕಿಕೊಂಡು ಪಟ್ಟಿ ನೋಡಿದರು. "ಐದೂವರೆಗೆ ಏಳೋದು ಯಾರು?"

"ಎಲ್ರೂ, ಅತ್ತಿಗೆ."

"ನೀನೂ ನಿಮ್ಮಣ್ಣನೂ ಏಳಿ. ಊರೆಲ್ಲಾ ನೋಡ್ಕೊಂಡ್ ಬನ್ನಿ, ಇನ್ನೂ ಹತ್ತು ಊರು ಸೇರಿಸ್ಕೊಳ್ಳಿ. ನಾವಿಬ್ರೂ ಒಂದ್ಕಡೆ ಕೂತ್ಕೋತೀವಿ. ನಮ್ಮನ್ನ ಏಳ್ಸೋ ಹಾಗಿಲ್ಲ."

ಟೀಚರ್ ತಲೆಯೆತ್ತಿದರು. ಅರ್ಧ ಆಸೆ ಕೈಗೂಡಿತು, ಉಳಿದರ್ಧಕ್ಕೆ ಇನ್ನು ದಾರಿಯಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಅತ್ತಿಗೆ ಫೋನು ತೆಗೆದು ಮೈದುನನ ಮುಖದ ಮುಂದೆ ಹಿಡಿದರು. "ನೋಡಪ್ಪಾ, ನಿನ್ನ ಉಪಾಹಾರ ಕೇಂದ್ರದ ಹೆಸರು ಹಾಕಿ ಹುಡುಕ್ದೆ. ಗೋಡೆ ತುಂಬಾ ಬಾಟ್ಲಿ ಜೋಡಿಸಿದಾರೆ. ಏನವು?"

ಯಜಮಾನರ ಹಣೆ ಬೆವರಿತು. ನಾನು ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಂಡೆ. ಅವರು ಕರ್ಚೀಫು ತೆಗೆದು ಹಣೆ ಒರೆಸಿಕೊಂಡು, "ಅದು... ವಿನೆಗರ್ ಇರ್ಬೇಕು ಅತ್ತಿಗೆ. ಅಲ್ಲಿಯೋರು ಎಲ್ಲದಕ್ಕೂ ವಿನೆಗರ್ ಹಾಕ್ತಾರೆ" ಎಂದರು.

"ಹಾಗಾ? ನಿಮ್ಮಣ್ಣನಿಗೂ ಹಾಗೇ ಹೇಳು, ನಂಬ್ತಾರೆ" ಎಂದು ಅತ್ತಿಗೆ ಫೋನನ್ನು ಬುಟ್ಟಿಗೆ ಹಾಕಿ, ನನ್ನ ಕಡೆ ತಿರುಗಿದರು. "ನೀವು ಹೇಳಮ್ಮಾ. ಊಟದ ಜೊತೆ ನಾವಿಬ್ರೂ ಒಂದೊಂದು ಗ್ಲಾಸ್ ತಗೋಬೇಕು. ಆ ವಿನೆಗರ್‌ನಲ್ಲಿ ಕೆಂಪು ಚೆನ್ನಾಗಿರತ್ತೋ, ಬಿಳೀದೋ?"